ಮಂಡಿ ನೆಲಕ್ಕೆ ತಾಗದಿದ್ದರೆ ಇರಲಿ, ಮುಂಗೈ ಯಾಕೆ ನೋಯುತ್ತಿದೆ ನೋಡೋಣ

ಪ್ರಶ್ನೆ: ಸರ್, ನನಗೆ 28 ವರ್ಷ, ಊರು ಬೆಂಗಳೂರು. ಕೆಟಿಎಂ ಆರ್‌ಸಿ 390 ಓಡಿಸುತ್ತೇನೆ. ಚೆನ್ನೈ ರೇಸ್ ಟ್ರ್ಯಾಕ್‌ಗೆ ಎರಡು ಸಲ ಹೋಗಿ ಬಂದೆ. ಬೈಕ್ ಚೆನ್ನಾಗಿಯೇ ವಾಲುತ್ತದೆ, ಕಾಲಿಡುವ ಫುಟ್‌ಪೆಗ್ ಕೂಡ ಒಂದೆರಡು ಸಲ ನೆಲಕ್ಕೆ ಉಜ್ಜಿದೆ. ಆದರೆ ಮಂಡಿ ಮಾತ್ರ ತಾಗುತ್ತಿಲ್ಲ. ಮೂರನೇ ಸೆಷನ್ ಹೊತ್ತಿಗೆ ಮುಂಗೈ ಕಲ್ಲಿನಂತಾಗಿ ಬ್ರೇಕ್ ಲಿವರ್ ಎಳೆಯುವುದೇ ಕಷ್ಟವಾಗುತ್ತದೆ. ತಿರುವಿನಲ್ಲಿ ತೆಗೆದ ಫೋಟೊ ಕಳಿಸಿದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಫೋಟೊ ಕಳಿಸಿದ್ದು ಒಳ್ಳೆಯದಾಯಿತು. ನೀವು ಕೇಳಿದ್ದು ಮಂಡಿಯ ಬಗ್ಗೆ. ನನಗೆ ಯೋಚನೆ ಹತ್ತಿದ್ದು ನಿಮ್ಮ ಮುಂಗೈ ಬಗ್ಗೆ. ಎರಡಕ್ಕೂ ಕಾರಣ ಒಂದೇ.

ಅದು ಬಲ ತಿರುವಿನ ಫೋಟೊ. ಸೊಂಟ ಸೀಟಿನಿಂದ ಬಲಕ್ಕೆ ಸಾಕಷ್ಟು ಸರಿದಿದೆ. ಆದರೆ ತಲೆ ಟ್ಯಾಂಕಿನ ನೇರ ಮೇಲಿದೆ, ಹೇಳಬೇಕೆಂದರೆ ಸ್ವಲ್ಪ ಎಡಕ್ಕೇ ಇದೆ. ಎದೆ ಹೊರಗೆ ತಿರುಗಿದೆ. ಎಡ ತೊಡೆಗೂ ಟ್ಯಾಂಕಿಗೂ ನಡುವೆ ಬೆಳಕು ಕಾಣುತ್ತಿದೆ. ಹಾಗಾದರೆ ನಿಮ್ಮನ್ನು ಬೈಕಿನ ಮೇಲೆ ಹಿಡಿದಿಟ್ಟಿರುವುದು ಏನು? ಕೈಗಳು. ನೀವು ಹ್ಯಾಂಡಲ್‌ಗೆ ಜೋತುಬಿದ್ದಿದ್ದೀರಿ. ಒಂದು ಸೆಷನ್ ಪೂರ್ತಿ ಹೀಗೆ ಜೋತಾಡಿದರೆ ಯಾರ ಮುಂಗೈಯಾದರೂ ಕಲ್ಲಾಗುತ್ತದೆ.

ಮೈಯನ್ನು ಒಳಕ್ಕೆ, ಅಂದರೆ ತಿರುವಿನ ಕಡೆಗೆ, ಸರಿಸುವುದು ಯಾಕೆ ಅನ್ನುವುದು ಗೊತ್ತಿದ್ದರೆ ಮಿಕ್ಕಿದ್ದು ಸುಲಭ. 50 ಮೀಟರ್ ತ್ರಿಜ್ಯದ ಒಂದು ತಿರುವನ್ನು ಗಂಟೆಗೆ 72 ಕಿ.ಮೀ. ವೇಗದಲ್ಲಿ ತಿರುಗುತ್ತೀರಿ ಅಂದುಕೊಳ್ಳಿ. ಬೈಕ್ ಮತ್ತು ಸವಾರ ಸೇರಿದ ಗುರುತ್ವ ಕೇಂದ್ರ ಸುಮಾರು 39 ಡಿಗ್ರಿ ಒಳಕ್ಕೆ ವಾಲಲೇಬೇಕು. ಅದನ್ನು ಬದಲಿಸಲು ಆಗಲ್ಲ. ಆದರೆ ಆ ವಾಲಿನಲ್ಲಿ ಬೈಕ್ ಎಷ್ಟು ಹೊರಬೇಕು, ನೀವು ಎಷ್ಟು ಹೊರಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ. ಬೈಕ್ 170 ಕೆಜಿ, ಲೆದರ್ ಸೂಟ್, ಹೆಲ್ಮೆಟ್ ಸೇರಿ ನೀವು 85 ಕೆಜಿ ಅಂದರೆ ಒಟ್ಟು ತೂಕದಲ್ಲಿ ನಿಮ್ಮ ಪಾಲು ಮೂರನೇ ಒಂದು. ನಿಮ್ಮ ಮೈ 15 ಸೆಂ.ಮೀ. ಒಳಕ್ಕೆ ಸರಿದರೆ ಇಬ್ಬರ ಕೇಂದ್ರ 5 ಸೆಂ.ಮೀ. ಸರಿಯುತ್ತದೆ. ಆ ಕೇಂದ್ರ ನೆಲದಿಂದ 60 ಸೆಂ.ಮೀ. ಮೇಲಿದ್ದರೆ, ಅದೇ ತಿರುವನ್ನು ಅದೇ ವೇಗದಲ್ಲಿ ಬೈಕನ್ನು ಹೆಚ್ಚುಕಮ್ಮಿ 5 ಡಿಗ್ರಿ ನೆಟ್ಟಗೆ ಇಟ್ಟುಕೊಂಡೇ ತಿರುಗಬಹುದು. 5 ಡಿಗ್ರಿ ಅಂದರೆ ಕಡಿಮೆ ಅಲ್ಲ. ಫುಟ್‌ಪೆಗ್ ಉಜ್ಜುವುದಕ್ಕೂ ಉಜ್ಜದಿರುವುದಕ್ಕೂ ಇರುವ ವ್ಯತ್ಯಾಸವೇ ಅಷ್ಟು.

ಮನುಷ್ಯನ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸೊಂಟದಿಂದ ಮೇಲೆಯೇ ಇರುತ್ತದೆ. ಹಾಗಾಗಿ ಸೊಂಟ ಒಳಕ್ಕೆ ಹೋಗಿ ಕೊಟ್ಟ ಲಾಭವನ್ನು ನಿಮ್ಮ ತಲೆ, ಭುಜ ಹೊರಗೆ ಉಳಿದು ಕಳೆದುಬಿಟ್ಟಿವೆ. ಬೈಕ್ ಬೇಕಾದ್ದಕ್ಕಿಂತ ಜಾಸ್ತಿ ವಾಲುತ್ತಿದೆ, ಪೆಗ್ ಉಜ್ಜುತ್ತಿದೆ, ಮಂಡಿ ಮಾತ್ರ ಮೇಲೇ ಇದೆ.

ಸರಿ ಮಾಡುವ ಕೆಲಸ ಪಾದದಿಂದ ಶುರುವಾಗಬೇಕು, ತಲೆಯಿಂದ ಅಲ್ಲ. ಬೆರಳುಗಳ ಬುಡದಲ್ಲಿರುವ ದಪ್ಪ ಭಾಗ ಪೆಗ್ ಮೇಲಿರಲಿ. ತುಂಬಾ ಜನ ರಸ್ತೆಯ ಅಭ್ಯಾಸದಂತೆ ಪಾದದ ನಡುಭಾಗ ಇಡುತ್ತಾರೆ. ಆಗ ಒಳಗಿನ ಕಾಲಿನ ಬೆರಳು ನೆಲಕ್ಕೆ ಸವರುತ್ತದೆ. ಹೊರಗಿನ ಕಾಲು ಟ್ಯಾಂಕನ್ನು ಹಿಡಿಯುವುದೂ ಇಲ್ಲ. ಮನೆಯಲ್ಲಿ ಬೈಕ್ ನಿಲ್ಲಿಸಿಕೊಂಡು ಒಂದು ಸಲ ಮಾಡಿ ನೋಡಿ. ಪಾದದ ಮುಂಭಾಗ ಪೆಗ್ ಮೇಲಿಟ್ಟು ಹಿಮ್ಮಡಿಯನ್ನು ಮೇಲೆತ್ತಿ. ಮಂಡಿ ತಾನಾಗಿ ಮೇಲಕ್ಕೆ ಹೋಗಿ ಟ್ಯಾಂಕಿನ ತಗ್ಗಿನಲ್ಲಿ ಕೂರುತ್ತದೆ. ಕೆಳಗೆ ಪೆಗ್, ಮೇಲೆ ಟ್ಯಾಂಕ್, ನಡುವೆ ನಿಮ್ಮ ಕಾಲು ಬಿಗಿಯಾದ ಗೂಟದ ಹಾಗೆ. ತಿರುವಿನಲ್ಲಿ ನಿಮ್ಮನ್ನು ಹಿಡಿಯಬೇಕಾದ್ದು ಈ ಹೊರಗಿನ ಕಾಲು. ಇದು ಸಿಕ್ಕಿದ ದಿನ ಕೈಗಳಿಗೆ ಬಿಡುವು ಸಿಗುತ್ತದೆ. ಟ್ಯಾಂಕ್ ನುಣುಪಾಗಿದ್ದರೆ ಎರಡೂ ಬದಿಗೆ ರಬ್ಬರ್ ಗ್ರಿಪ್ ಪ್ಯಾಡ್ ಅಂಟಿಸಿ. ಹಾರ್ಸ್‌ಪವರ್‌ಗಿಂತ ಮೊದಲು ದುಡ್ಡು ಹಾಕಬೇಕಾದ ಜಾಗ ಇದು.

ಎದೆ ಹೊರಗೆ ತಿರುಗಿದ್ದಕ್ಕೆ ಕಾರಣ ನೀವು ಕೂತಿರುವ ಜಾಗ. ಟ್ಯಾಂಕಿಗೆ ತೀರಾ ಅಂಟಿಕೊಂಡು ಕೂತಿದ್ದೀರಿ. ಅಲ್ಲಿಂದ ಸರಿಯಲು ಹೋದರೆ ಸೊಂಟ ಟ್ಯಾಂಕಿನ ಸುತ್ತ ತಿರುಗುತ್ತದೆಯೇ ಹೊರತು ಪಕ್ಕಕ್ಕೆ ಹೋಗಲ್ಲ. ಟ್ಯಾಂಕಿಗೂ ನಿಮಗೂ ನಡುವೆ ಒಂದು ಮುಷ್ಟಿ ಹಿಡಿಯುವಷ್ಟು ಜಾಗ ಬಿಡಿ. ಆಮೇಲೆ ಸೊಂಟವನ್ನು ನೇರ ಪಕ್ಕಕ್ಕೆ ಸರಿಸಿ. ಸೀಟಿನಿಂದ ಅರ್ಧ ಭಾಗ ಹೊರಗೆ ಬಂದರೆ ಸಾಕು. ಪೂರ್ತಿ ಇಳಿಯುವುದು ಬೇಡ. ಹೊರಗಿನ ತೊಡೆಯ ಒಳಬದಿ ಸೀಟಿನ ಮೇಲೆ ಒರಗಿರಬೇಕು.

ಈಗ ಮೈಯ ಮೇಲ್ಭಾಗ. ಮದುವೆ ಊಟದ ಪಂಕ್ತಿಯಲ್ಲಿ ಸಾಲಿನ ಕೊನೆಯಲ್ಲಿ ಕೂತವರು ಯಾರು ಅಂತ ನೋಡಲು ಎಲೆಯ ಮುಂದಕ್ಕೆ ಬಾಗಿ ಪಕ್ಕಕ್ಕೆ ಇಣುಕುತ್ತೇವಲ್ಲ, ಥೇಟ್ ಹಾಗೆ. ಮೊದಲು ಮುಂದಕ್ಕೆ ಮತ್ತು ಕೆಳಕ್ಕೆ, ಆಮೇಲೆ ಪಕ್ಕಕ್ಕೆ. ಗಲ್ಲ ಒಳಗಿನ ಕೈಯ ಮುಷ್ಟಿಯ ಕಡೆ ಹೋಗಲಿ. ಒಳಗಿನ ಮೊಣಕೈ ಮಡಚಿ ಕೆಳಗಿಳಿಯಲಿ. ಹೊರಗಿನ ತೋಳು ಟ್ಯಾಂಕಿನ ಮೇಲೆ ಸುಮ್ನೆ ಒರಗಿರಲಿ. ಕಣ್ಣು ಮುಂದಿನ ಚಕ್ರದ ಮುಂದಿರುವ ಡಾಂಬರನ್ನಲ್ಲ, ತಿರುವು ಮುಗಿಯುವ ಜಾಗವನ್ನು ಹುಡುಕಲಿ.

ಕೈ ಸಡಿಲ ಇದೆಯೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆ ಇದೆ. ನಿಮಗೆ ಚೆನ್ನಾಗಿ ಪಳಗಿದ ಒಂದು ನಿಧಾನದ ತಿರುವಿನಲ್ಲಿ, ಬೈಕ್ ವಾಲಿ ನೆಲೆನಿಂತ ಮೇಲೆ, ಒಳಗಿನ ಮೊಣಕೈಯನ್ನು ಕೋಳಿ ರೆಕ್ಕೆ ಬಡಿದಂತೆ ಸ್ವಲ್ಪ ಆಡಿಸಿ. ಬೈಕ್ ತನ್ನ ದಾರಿ ಬಿಡದಿದ್ದರೆ ನಿಮ್ಮ ಕಾಲು ಕೆಲಸ ಮಾಡುತ್ತಿದೆ. ಬೈಕ್ ತೂರಾಡಿದರೆ ನಿಮ್ಮ ಭಾರ ಇನ್ನೂ ಹ್ಯಾಂಡಲ್ ಮೇಲಿದೆ. ಇದು ಬರೀ ಆಯಾಸದ ಪ್ರಶ್ನೆ ಅಲ್ಲ. ತಿರುವಿನಲ್ಲಿ ಸಣ್ಣ ಉಬ್ಬು ಸಿಕ್ಕಾಗ ಮುಂದಿನ ಚಕ್ರ ತಾನೇ ಅತ್ತಿತ್ತ ಅಲುಗಿ ಸರಿಹೋಗುತ್ತದೆ. ಬಿಗಿದ ತೋಳು ಅದಕ್ಕೆ ಅವಕಾಶ ಕೊಡಲ್ಲ. ಮುಂದಿನ ಚಕ್ರ ಜಾರಿ ಬೀಳುವ ಎಷ್ಟೋ ಪ್ರಸಂಗಗಳಲ್ಲಿ ಟೈರಿನ ಜೊತೆ ಈ ಬಿಗಿ ತೋಳಿನ ಪಾಲೂ ಇರುತ್ತದೆ.

ಇನ್ನು ಮಂಡಿ. ಇದು ಶೋಕಿಗೆ ಬಂದದ್ದಲ್ಲ. 1970ರ ದಶಕದ ಆರಂಭದಲ್ಲಿ ಫಿನ್‌ಲ್ಯಾಂಡಿನ ರೇಸರ್ ಯಾರ್ನೊ ಸಾರಿನೆನ್ ಬೈಕಿನಿಂದ ಒಳಕ್ಕೆ ತೂಗಿ ತಿರುವು ತೆಗೆದುಕೊಳ್ಳುತ್ತಿದ್ದರು. ಆಮೇಲೆ ಅಮೆರಿಕದ ಕೆನ್ನಿ ರಾಬರ್ಟ್ಸ್ 1978ರಿಂದ 1980ರವರೆಗೆ ಸತತ ಮೂರು ವರ್ಷ 500 ಸಿಸಿ ವಿಶ್ವ ಚಾಂಪಿಯನ್ ಆದಾಗ, ಮಂಡಿ ನೆಲಕ್ಕೆ ಸವರುವ ಅವರ ರೀತಿ ಎಲ್ಲರಿಗೂ ಹಬ್ಬಿತು. ಮಂಡಿ ಅವರಿಗೆ ಅಳತೆಕೋಲು. ಬೈಕ್ ಎಷ್ಟು ವಾಲಿದೆ ಅನ್ನುವುದನ್ನು ಅದು ಹೇಳುತ್ತದೆ. ಇವತ್ತು ಮೋಟೊಜಿಪಿ (ಬೈಕ್ ರೇಸಿನ ಅತಿ ದೊಡ್ಡ ವಿಶ್ವ ಚಾಂಪಿಯನ್‌ಶಿಪ್) ಸವಾರ ಮಾರ್ಕ್ ಮಾರ್ಕೆಸ್ ಮೊಣಕೈಯನ್ನೇ ನೆಲಕ್ಕೆ ತಾಗಿಸುವ ಫೋಟೊ ನೋಡಿ ಹುಡುಗರು ಮರುಳಾಗುತ್ತಾರೆ. ಮೋಟೊಜಿಪಿ ಬೈಕ್ 60 ಡಿಗ್ರಿಗೂ ಜಾಸ್ತಿ ವಾಲುತ್ತದೆ, ಅದಕ್ಕೆಂದೇ ಮಾಡಿದ ಟೈರ್ ಇರುತ್ತದೆ. ನಮ್ಮ ರಸ್ತೆ ಟೈರಿನ ಮೇಲೆ ಆ ಆಕಾರವನ್ನು ಮಾತ್ರ ನಕಲು ಮಾಡಿ ಪ್ರಯೋಜನ ಇಲ್ಲ. ಮಂಡಿಯನ್ನು ನೆಲದ ಕಡೆ ತಳ್ಳಬೇಡಿ. ಒಳಗಿನ ಹಿಮ್ಮಡಿ ಬೈಕಿನ ಕಡೆ ತಿರುಗಲಿ, ಸೊಂಟದ ಕೀಲು ಸಡಿಲವಾಗಿ ತೆರೆಯಲಿ. ವೇಗ ಬಂದಾಗ ಮಂಡಿ ತಾಗುತ್ತದೆ.

ಟ್ರ್ಯಾಕ್‌ಗೆ ಹೋಗುವ ಮುಂಚೆ ಹಿಂದಿನ ಚಕ್ರಕ್ಕೆ ಪ್ಯಾಡಾಕ್ ಸ್ಟ್ಯಾಂಡ್ (ಚಕ್ರವನ್ನು ಎತ್ತಿ ಬೈಕನ್ನು ನೆಟ್ಟಗೆ ನಿಲ್ಲಿಸುವ ಸ್ಟ್ಯಾಂಡ್) ಹಾಕಿ, ಒಬ್ಬ ಗೆಳೆಯನಿಗೆ ಮುಂದಿನಿಂದ ಬೈಕ್ ಹಿಡಿಯಲು ಹೇಳಿ. ಹ್ಯಾಂಡಲ್ ಮುಟ್ಟದೆ, ಬರೀ ಕಾಲಿನ ಬಲದಿಂದ ಎಡಕ್ಕೆ ಬಲಕ್ಕೆ ಸರಿಯಿರಿ. ಮೊದಲ ದಿನ ಹತ್ತು ಸಲ ಮಾಡುವಷ್ಟರಲ್ಲಿ ತೊಡೆ ನಡುಗುತ್ತದೆ. ಎರಡು ವಾರ ಬಿಡದೆ ಮಾಡಿ. ಟ್ರ್ಯಾಕಿನಲ್ಲಿ ಒಂದು ಸೆಷನ್‌ಗೆ ಒಂದೇ ವಿಷಯ ಇಟ್ಟುಕೊಳ್ಳಿ. ಮೊದಲ ಸೆಷನ್ ಪಾದಕ್ಕೆ, ಎರಡನೆಯದು ಹೊರಗಿನ ತೊಡೆಗೆ. ವೇಗವನ್ನು ನಿಮ್ಮ ಮಾಮೂಲಿ ವೇಗದ ಮುಕ್ಕಾಲು ಭಾಗಕ್ಕೆ ಇಳಿಸಿ. ಹೆದರಿಕೆ ಇದ್ದಾಗ ಮೈ ಹೊಸದನ್ನು ಕಲಿಯಲ್ಲ. ಮುಂದಿನ ಸಲ ಪಕ್ಕದ ಫೋಟೊ ಜೊತೆ ಹಿಂದಿನಿಂದ ತೆಗೆದ ವಿಡಿಯೊ ಕೂಡ ಕಳಿಸಿ. ತಲೆ ಯಾವ ಕಡೆ ಇದೆ ಅನ್ನುವುದು ಹಿಂದಿನಿಂದಲೇ ಚೆನ್ನಾಗಿ ಕಾಣುವುದು.

ಪ್ರಶ್ನೆ: ಮೈ ಯಾವಾಗ ಸರಿಸಬೇಕು? ನಾನು ಬ್ರೇಕ್ ಹಿಡಿದು ಗೇರ್ ಇಳಿಸಿದ ಮೇಲೆ ಸರಿಯುತ್ತೇನೆ. ಆಗ ಬೈಕ್ ಅಲ್ಲಾಡಿ, ತಿರುವು ಶುರು ಮಾಡುವ ಜಾಗವೇ ತಪ್ಪಿಹೋಗುತ್ತದೆ. (ಮೈಸೂರಿನ ಓದುಗರು)

ಉತ್ತರ: ಬ್ರೇಕ್ ಹಿಡಿಯುವ ಮುಂಚೆಯೇ ಸರಿಯಿರಿ. ನಿಮ್ಮ ಇಡೀ ತೊಂದರೆ ಈ ಒಂದು ಬದಲಾವಣೆಯಿಂದಲೇ ಹೋಗಬಹುದು.

ನೇರ ದಾರಿಯ ಕೊನೆಯಲ್ಲಿ 150 ಕಿ.ಮೀ. ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ 40 ಮೀಟರ್‌ಗೂ ಜಾಸ್ತಿ ಹೋಗುತ್ತಿರುತ್ತೀರಿ. ಬ್ರೇಕ್, ಕ್ಲಚ್, ಗೇರ್, ಸೊಂಟ, ತಿರುವು ಎಲ್ಲವನ್ನೂ ಆ ಕೊನೆಯ ಒಂದೆರಡು ಸೆಕೆಂಡಿಗೆ ತುಂಬಿದರೆ ಒಂದಾದರೂ ಕೆಡುತ್ತದೆ. ಗಟ್ಟಿ ಬ್ರೇಕ್ ಹಿಡಿದಾಗ 75 ಕೆಜಿ ಮನುಷ್ಯನನ್ನು ಮುಂದಕ್ಕೆ ತಳ್ಳುವ ಬಲ 50-60 ಕೆಜಿ ತೂಕದಷ್ಟಿರುತ್ತದೆ. ಆ ಹೊತ್ತಲ್ಲಿ ಸೀಟಿನಿಂದ ಏಳಲು ಹೋದರೆ ಆ ಭಾರವೆಲ್ಲ ಹ್ಯಾಂಡಲ್‌ಗೆ ಬಂತು. ಬೈಕ್ ಅಲ್ಲಾಡದೆ ಇನ್ನೇನಾಗುತ್ತದೆ?

ಆಕ್ಸಿಲರೇಟರ್ ಇನ್ನೂ ತೆರೆದಿರುವಾಗಲೇ, ಪೆಗ್ ಮೇಲೆ ಸ್ವಲ್ಪ ಭಾರ ಹಾಕಿ ಸೊಂಟವನ್ನು ಪಕ್ಕಕ್ಕೆ ಸರಿಸಿ. ತಲೆ, ಎದೆ ನಡುವೆಯೇ ಇರಲಿ. ಆಮೇಲೆ ತೊಡೆಯಿಂದ ಟ್ಯಾಂಕ್ ಬಿಗಿದು ಹಿಡಿದು ಬ್ರೇಕ್. ಬೈಕನ್ನು ತಿರುಗಿಸುವಾಗ ಒಳಗಿನ ಹ್ಯಾಂಡಲ್ ಅನ್ನು ಮೆಲ್ಲಗೆ ಮುಂದಕ್ಕೆ ಒತ್ತುತ್ತೀರಲ್ಲ, ಅದರ ಜೊತೆಗೇ ಭುಜ, ತಲೆ ಒಳಕ್ಕೆ ಇಳಿಯಲಿ. ಎಡ-ಬಲ ಬೆನ್ನುಬೆನ್ನಿಗೆ ಬರುವ ತಿರುವುಗಳಲ್ಲಿ ಸೀಟಿನ ಮೇಲೆ ಕುಪ್ಪಳಿಸಬೇಡಿ. ತೊಡೆಯ ಬಲದಿಂದ ಸೀಟಿಗೆ ಸವರಿಕೊಂಡಂತೆ ಈಚೆಯಿಂದ ಆಚೆಗೆ ಜಾರಿ.

ಪ್ರಶ್ನೆ: ಸರ್, ನನ್ನ ಎತ್ತರ 5 ಅಡಿ 1 ಇಂಚು. ಯಮಹಾ ಆರ್15 ಇದೆ. ಎಡ ತಿರುವು ಸಲೀಸು. ಬಲಕ್ಕೆ ಮಾತ್ರ ಮೈ ಬರುವುದೇ ಇಲ್ಲ, ಆಕ್ಸಿಲರೇಟರ್ ಕೊಡುವಾಗ ಎಳೆದಂತಾಗುತ್ತದೆ. ಎತ್ತರ ಕಡಿಮೆ ಇರುವುದಕ್ಕಾ? (ಹುಬ್ಬಳ್ಳಿಯಿಂದ ಒಬ್ಬ ಸವಾರಿಣಿ)

ಉತ್ತರ: ಇಲ್ಲಮ್ಮ, ಎತ್ತರ ಕಾರಣ ಅಲ್ಲ. ಹಾಗಿದ್ದಿದ್ದರೆ ಎಡಕ್ಕೂ ಕಷ್ಟ ಆಗಬೇಕಿತ್ತಲ್ವಾ?

ಬಲಗೈಗೆ ಎರಡು ಕೆಲಸ. ಹ್ಯಾಂಡಲ್ ಹಿಡಿಯಬೇಕು, ಆಕ್ಸಿಲರೇಟರನ್ನೂ ತಿರುಗಿಸಬೇಕು. ಎಡಕ್ಕೆ ತೂಗುವಾಗ ಬಲ ತೋಳು ಚಾಚುತ್ತದೆ, ಮಣಿಕಟ್ಟು ನೇರವಾಗಿರುತ್ತದೆ. ಬಲಕ್ಕೆ ತೂಗಿದಾಗ ಮೊಣಕೈ ಕೆಳಗಿಳಿದು ಮಣಿಕಟ್ಟು ಮುರುಟುತ್ತದೆ. ಆಗ ಆಕ್ಸಿಲರೇಟರ್ ತೆರೆಯಲು ಜಾಗವೇ ಇರಲ್ಲ. ಅದು ಮೈಗೆ ಗೊತ್ತು, ಅದಕ್ಕೇ ಒಳಕ್ಕೆ ಇಳಿಯಲು ಒಪ್ಪುವುದಿಲ್ಲ.

ಗ್ರಿಪ್ಪನ್ನು ಸುತ್ತಿಗೆ ಹಿಡಿದಂತೆ ನೇರ ಅಡ್ಡಕ್ಕೆ ಹಿಡಿಯಬೇಡಿ. ಸ್ಕ್ರೂಡ್ರೈವರ್ ಹಿಡಿದಂತೆ, ಅಂಗೈಗೆ ಓರೆಯಾಗಿ, ಗ್ರಿಪ್ಪಿನ ತುದಿಯ ಕಡೆಯಿಂದ ಹಿಡಿಯಿರಿ. ಮೊಣಕೈ ಎಷ್ಟೇ ಇಳಿದರೂ ಮಣಿಕಟ್ಟು ಆರಾಮಾಗಿ ತಿರುಗುತ್ತದೆ. ಇನ್ನೊಂದು, ಬಲ ಪಾದ ಹಿಂದಿನ ಬ್ರೇಕ್ ಪೆಡಲ್ ಮೇಲೇ ಉಳಿದುಬಿಡುತ್ತದಾ ನೋಡಿಕೊಳ್ಳಿ. ಅಲ್ಲಿದ್ದರೆ ಬಲ ಸೊಂಟ ತೆರೆಯಲ್ಲ. ತಿರುವಿಗೆ ಮುಂಚೆ ಪಾದವನ್ನು ಹಿಂದಕ್ಕೆ ಪೆಗ್ ಮೇಲೆ ತನ್ನಿ.

ಎತ್ತರದ ವಿಷಯ ಕೇಳಿದ್ದಕ್ಕೆ ಹೇಳುತ್ತೇನೆ. ನಿಮ್ಮ ಹೊರಗಿನ ತೋಳು ಬೇಗ ಪೂರ್ತಿ ಚಾಚಿಬಿಡುತ್ತದೆ. ಹಾಗಾಗಿ ಸೊಂಟ ಸ್ವಲ್ಪ ಕಡಿಮೆ ಸರಿಸಿ, ತಲೆ ಮತ್ತು ಭುಜ ಜಾಸ್ತಿ ಇಳಿಸಿ. ತೋಳು ಕೋಲಿನಂತಾದರೆ ಅದೇ ನಿಮ್ಮ ಮಿತಿ. ಕಾಲು ಚಿಕ್ಕದಿದ್ದವರ ಮಂಡಿ ತಡವಾಗಿ ತಾಗುತ್ತದೆ. ಅದರಿಂದ ಲ್ಯಾಪ್ ಟೈಮಿಗೆ (ಟ್ರ್ಯಾಕನ್ನು ಒಂದು ಸುತ್ತು ಮುಗಿಸುವ ಸಮಯಕ್ಕೆ) ಏನೂ ನಷ್ಟ ಇಲ್ಲ, ಅದರ ಬಗ್ಗೆ ಬೇಜಾರು ಬೇಡ.

ಪ್ರಶ್ನೆ: ಟ್ರ್ಯಾಕ್ ದೂರ, ಖರ್ಚೂ ಜಾಸ್ತಿ. ನಮಗೆ ಚಾರ್ಮಾಡಿ ಘಾಟಿ ಹತ್ತಿರ. ಬೆಳಗ್ಗೆ ಬೇಗ ಹೋದರೆ ಗಾಡಿಗಳೂ ಕಡಿಮೆ. ಅಲ್ಲಿ ಅಭ್ಯಾಸ ಮಾಡಬಹುದಾ? (ಮೂಡಿಗೆರೆಯ ಓದುಗರು)

ಉತ್ತರ: ಬೇಡ. ದಯವಿಟ್ಟು ಬೇಡ.

ಟ್ರ್ಯಾಕಿನಲ್ಲಿ ಎದುರಿನಿಂದ ಯಾರೂ ಬರಲ್ಲ. ತಪ್ಪಿದರೆ ಜಾರಿಹೋಗಲು ಬಯಲಿದೆ, ಬಾವುಟ ಹಿಡಿದವರಿದ್ದಾರೆ, ಆಂಬುಲೆನ್ಸ್ ಕಾದು ನಿಂತಿರುತ್ತದೆ. ಘಾಟಿಯಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಬೆಳಗ್ಗೆ ಮಂಜು, ಒದ್ದೆ ಎಲೆ, ಲಾರಿಯಿಂದ ಚೆಲ್ಲಿದ ಡೀಸೆಲ್. ತಲೆ ತಗ್ಗಿಸಿ ಒಳಕ್ಕೆ ಇಳಿದಷ್ಟೂ ತಿರುವಿನ ಆಚೆಗಿನದು ಕಾಣುವುದು ಕಡಿಮೆಯಾಗುತ್ತದೆ. ಬಲ ತಿರುವಿನಲ್ಲಂತೂ ನಿಮ್ಮ ತಲೆ ನಡುಗೆರೆ ದಾಟಿ ಎದುರಿನ ಬಸ್ಸಿನ ದಾರಿಯಲ್ಲೇ ಇರುತ್ತದೆ.

ಘಾಟಿಯಲ್ಲಿ ಮಾಡಬಹುದಾದ್ದು ಇಷ್ಟು. ಮಾಮೂಲಿ ವೇಗದಲ್ಲಿ ಹೋಗುತ್ತಾ ತೊಡೆಯಿಂದ ಟ್ಯಾಂಕ್ ಹಿಡಿಯುವುದು, ಕೈ ಸಡಿಲ ಬಿಡುವುದು, ತಲೆ-ಭುಜ ಒಂದು ಗೇಣಿಗಿಂತ ಕಡಿಮೆ ಒಳಕ್ಕೆ ತರುವುದು. ಸೀಟು ಬಿಟ್ಟು ಸರಿಯುವುದು ಬೇಡ. ಮಿಕ್ಕಿದ್ದನ್ನೆಲ್ಲ ಮನೆಯಲ್ಲಿ ಪ್ಯಾಡಾಕ್ ಸ್ಟ್ಯಾಂಡ್ ಮೇಲೆ ಮಾಡಿ, ಅದಕ್ಕೆ ಖರ್ಚಿಲ್ಲ. ವರ್ಷಕ್ಕೆ ಒಂದೇ ಸಲ ದುಡ್ಡು ಕೂಡಿಸಿಕೊಂಡು ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿ. ಟ್ರ್ಯಾಕ್ 2.1 ಕಿ.ಮೀ. ಇದೆ. ಲ್ಯಾಪ್ ಚಿಕ್ಕದು, ಹಾಗಾಗಿ ಒಂದೇ ತಿರುವು ಮತ್ತೆ ಮತ್ತೆ ಬೇಗ ಸಿಗುತ್ತದೆ. ಕಲಿಯುವವರಿಗೆ ಇದು ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನಲ್ಲಿರುವ 3.7 ಕಿ.ಮೀ. ಟ್ರ್ಯಾಕಿಗಿಂತ ಅನುಕೂಲ. ಲೆದರ್ ಸೂಟನ್ನು ಬಾಡಿಗೆಗೆ ಕೊಡುವ ತರಬೇತಿ ಶಿಬಿರಗಳೂ ಇವೆ, ಹೆಸರು ಕೊಡುವಾಗಲೇ ವಿಚಾರಿಸಿ.