ಇಂಜೆಕ್ಷನ್ ಹಾಕಿಸಿದ ಜಿಪ್ಸಿ ಘಟ್ಟ ಹತ್ತುತ್ತಿಲ್ಲ: ಮ್ಯಾಪ್ ಸೆನ್ಸರ್ ಪೈಪನ್ನು ಎಲ್ಲಿಗೆ ಜೋಡಿಸಬೇಕು?

ಕಾರ್ಬುರೇಟರಿನ ಹಳೆಯ 1.3 ಲೀಟರ್ ಜಿಪ್ಸಿಗೆ ಹೊರಗಿನ ಇಸಿಯು (ಎಷ್ಟು ಪೆಟ್ರೋಲ್ ಬೇಕೆಂದು ಲೆಕ್ಕ ಹಾಕುವ ಕಂಪ್ಯೂಟರ್), ಇಂಜೆಕ್ಟರ್ ಹಾಕಿಸಿದ್ದೀರಿ. ಕುಮಟಾ ಪೇಟೆಯೊಳಗೆ ಚೆನ್ನಾಗಿ ಓಡುತ್ತದೆ, ದೇವಿಮನೆ ಘಟ್ಟ ಹತ್ತುವಾಗ ಉಸಿರು ಕಟ್ಟಿದಂತಾಗಿ ಕೆಮ್ಮುತ್ತದೆ. ಮೆಕ್ಯಾನಿಕ್ ಪೆಟ್ರೋಲ್ ಹೆಚ್ಚಿಸಿದ ಮೇಲೆ ಸಮತಟ್ಟಿನಲ್ಲಿ ಕಪ್ಪು ಹೊಗೆ ಶುರುವಾಗಿದೆ. ಮ್ಯಾಪ್ ಸೆನ್ಸರ್ ಎಂದರೆ ಮ್ಯಾನಿಫೋಲ್ಡಿನ, ಅಂದರೆ ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕೊಳವೆಯ, ಒತ್ತಡವನ್ನು ಅಳೆದು ಇಸಿಯುಗೆ ಹೇಳುವ ಸಾಧನ. ಅದರ ಪೈಪನ್ನು ಬ್ರೇಕ್ ಬೂಸ್ಟರಿನ (ಎಂಜಿನಿನ ಸೆಳೆತದಿಂದ ಬ್ರೇಕಿಗೆ ಬಲ ಕೊಡುವ ಡಬ್ಬಿ) ಪೈಪಿಗೆ ಟಿ ಹಾಕಿ ಸೇರಿಸಿದ್ದಾರೆ, ಇದು ಸರಿಯೇ ಎಂದು ಕೇಳಿದ್ದೀರಿ. ಕೊನೆಯಲ್ಲಿ, ತಿರುವಿನಲ್ಲಿ ಬ್ರೇಕ್ ಮುಟ್ಟಿ ಬಿಟ್ಟ ಮೇಲೆ ಒಂದೆರಡು ಕ್ಷಣ ಗಾಡಿ ಚುರುಕಾಗುತ್ತದೆ ಎಂದೂ ಬರೆದಿದ್ದೀರಿ. ನನಗೆ ಉತ್ತರ ಸಿಕ್ಕಿದ್ದು ಆ ಕೊನೆಯ ಸಾಲಿನಲ್ಲಿ. ಟಿ ಸರಿಯಲ್ಲ, ಅದೂ ತೀರಾ ಕೆಟ್ಟ ಜಾಗದಲ್ಲಿ ಕೂತಿದೆ.

ಬೂಸ್ಟರಿನ ಪೈಪಿನಲ್ಲಿ ಒಂದು ನಾನ್ ರಿಟರ್ನ್ ವಾಲ್ವ್ ಇರುತ್ತದೆ. ಎಂಜಿನ್ ಬೂಸ್ಟರಿನಿಂದ ಗಾಳಿಯನ್ನು ಎಳೆದುಕೊಳ್ಳಬಹುದು, ಆದರೆ ಗಾಳಿ ತಿರುಗಿ ಬೂಸ್ಟರಿಗೆ ಹೋಗದಂತೆ ಅದು ತಡೆಯುತ್ತದೆ. ಎಕ್ಸಿಲೇಟರ್ ಪೂರ್ತಿ ಒತ್ತಿದಾಗಲೂ, ಎಂಜಿನ್ ಬಂದ್ ಬಿದ್ದಾಗಲೂ ಬ್ರೇಕಿಗೆ ಬಲ ಇರಲಿ ಎಂದೇ ಆ ವ್ಯವಸ್ಥೆ. ಈಗ ನಿಮ್ಮ ಸೆನ್ಸರ್ ವಾಲ್ವಿನ ಬೂಸ್ಟರ್ ಬದಿಯಲ್ಲಿ ಸೇರಿಕೊಂಡಿದ್ದರೆ ಏನಾಗುತ್ತದೆ ನೋಡಿ. ಐಡ್ಲಿಂಗಿನಲ್ಲಿ ಮ್ಯಾನಿಫೋಲ್ಡ್ ಒತ್ತಡ ಸುಮಾರು 35ರಿಂದ 40 ಕಿಲೋಪಾಸ್ಕಲ್ ಇರುತ್ತದೆ ಎಂದುಕೊಳ್ಳೋಣ. ಘಟ್ಟದಲ್ಲಿ ಎಕ್ಸಿಲೇಟರ್ ತುಳಿದಾಗ ಅದು ಹೊರಗಿನ ಗಾಳಿಯ ಒತ್ತಡದ ಹತ್ತಿರಕ್ಕೆ, ಅಂದರೆ 95ರ ಆಸುಪಾಸಿಗೆ ಏರಬೇಕು. ಮ್ಯಾನಿಫೋಲ್ಡಿನಲ್ಲಿ ಏರಿಯೂ ಏರುತ್ತದೆ. ಆದರೆ ವಾಲ್ವ್ ಮುಚ್ಚಿಕೊಂಡಿರುವುದರಿಂದ ಸೆನ್ಸರಿಗೆ ಕಾಣುವುದು ಹಳೆಯ 40 ಮಾತ್ರ. ಇಸಿಯು ಗಾಡಿ ಆರಾಮವಾಗಿ ನಿಂತಿದೆ ಎಂದು ತಿಳಿದು, ಬೇಕಾದ ಪೆಟ್ರೋಲಿನ ಅರ್ಧವನ್ನೂ ಕೊಡುವುದಿಲ್ಲ. ಬ್ರೇಕ್ ಒತ್ತಿ ಬಿಟ್ಟಾಗ ಬೂಸ್ಟರಿನೊಳಕ್ಕೆ ಸ್ವಲ್ಪ ಗಾಳಿ ಬರುತ್ತದೆ, ಸೆನ್ಸರಿನ ಅಂಕಿ ಏರುತ್ತದೆ, ಪೆಟ್ರೋಲ್ ಹೆಚ್ಚಾಗುತ್ತದೆ. ನಿಮಗೆ ಕಂಡ ಆ ಎರಡು ಕ್ಷಣದ ಚುರುಕು ಇದೇ.

ನನ್ನ ಮಾತನ್ನು ನಂಬಬೇಕಾಗಿಲ್ಲ, ನೀವೇ ಪರೀಕ್ಷಿಸಿ. ಎಂಜಿನನ್ನು ಒಂದು ನಿಮಿಷ ಓಡಿಸಿ ಬಂದ್ ಮಾಡಿ. ಸ್ಟಾರ್ಟ್ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿ, ಲ್ಯಾಪ್‌ಟಾಪಿನಲ್ಲಿ ಮ್ಯಾಪ್ ಅಂಕಿ ನೋಡಿ. ನಿಂತ ಎಂಜಿನಿನಲ್ಲಿ ಅದು ಹೊರಗಿನ ಒತ್ತಡವನ್ನೇ ತೋರಿಸಬೇಕು: ಕುಮಟಾದಲ್ಲಿ 101ರ ಹತ್ತಿರ, ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ 94ರ ಹತ್ತಿರ. 40 ಎಂದೋ 50 ಎಂದೋ ನಿಂತಿದ್ದರೆ ಬ್ರೇಕ್ ಪೆಡಲನ್ನು ನಿಧಾನವಾಗಿ ಒತ್ತಿ ಬಿಡಿ. ಪ್ರತಿ ಸಲ ಅಂಕಿ ಮೆಟ್ಟಿಲು ಹತ್ತಿದಂತೆ ಮೇಲೇರಿದರೆ ಬೇರೆ ಸಾಕ್ಷಿ ಬೇಡ.

ಇದನ್ನು ಇಷ್ಟು ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. ಶಿರಸಿಯ ನನ್ನ ಗ್ಯಾರೇಜಿಗೆ ಇಂಥದೇ ಒಂದು ಗಾಡಿ ಬಂದಿತ್ತು. ಪೈಪನ್ನು ನೋಡದೆ ಎರಡು ದಿನ ಇಸಿಯುವಿನ ಇಂಧನದ ಕೋಷ್ಟಕವನ್ನೇ (ಯಾವ ಒತ್ತಡಕ್ಕೆ ಎಷ್ಟು ಪೆಟ್ರೋಲ್ ಎಂಬ ಪಟ್ಟಿ) ತಿದ್ದುತ್ತಾ ಕುಳಿತೆ. ಮೂರನೆಯ ದಿನ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಪಿಂಗಾಣಿ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು, ತುದಿಯ ಅಂಚು ಕರಗಲು ಶುರುವಾಗಿತ್ತು. ಪೆಟ್ರೋಲ್ ಕಡಿಮೆಯಾಗಿ ಬಿಸಿಯಾದ ಎಂಜಿನ್ ಅದು. ಇನ್ನೊಂದು ಸಲ ಘಟ್ಟ ಹತ್ತಿಸಿದ್ದರೆ ಪಿಸ್ಟನ್ ಉಳಿಯುತ್ತಿತ್ತೋ ಇಲ್ಲವೋ. ಅಂದಿನಿಂದ ಯಾವ ಗಾಡಿ ಬಂದರೂ ಲ್ಯಾಪ್‌ಟಾಪ್ ತೆರೆಯುವ ಮೊದಲು ಸೆನ್ಸರಿನಿಂದ ಹೊರಟು ಮ್ಯಾನಿಫೋಲ್ಡಿನವರೆಗೆ ಪೈಪಿನ ಮೇಲೆ ಬೆರಳಾಡಿಸುತ್ತೇನೆ. ನೀವೂ ಸರಿಪಡಿಸುವವರೆಗೆ ದಯವಿಟ್ಟು ಘಟ್ಟ ಹತ್ತಿಸಬೇಡಿ.

ಹಾಗಾದರೆ ಎಲ್ಲಿಂದ ತೆಗೆಯಬೇಕು? ಎಕ್ಸಿಲೇಟರ್ ಒತ್ತಿದಾಗ ತೆರೆಯುವ ಥ್ರಾಟಲ್ ತಟ್ಟೆಯಿಂದ ಎಂಜಿನಿನ ಕಡೆಗೆ, ನಾಲ್ಕೂ ಸಿಲಿಂಡರಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಹೊಟ್ಟೆಯಿಂದ, ಸೆನ್ಸರ್ ಒಂದಕ್ಕೇ ಮೀಸಲಾದ ನಳಿಕೆಯಿಂದ. ಒಂದೇ ಸಿಲಿಂಡರಿನ ಕವಲಿನಿಂದ ತೆಗೆದರೆ ಆ ಸಿಲಿಂಡರ್ ಉಸಿರೆಳೆದಾಗಲೆಲ್ಲ ಅಂಕಿ ಕುಣಿಯುತ್ತದೆ. ಥ್ರಾಟಲ್ ಬಾಡಿಯ ಮೇಲಿನ ನಳಿಕೆಗಳನ್ನು ಹೊರಗಿನಿಂದ ನೋಡಿ ಗುರುತಿಸಲು ಹೋಗಬೇಡಿ. ಐಡ್ಲಿಂಗಿನಲ್ಲಿ ಒಂದೊಂದಕ್ಕೂ ಬೆರಳಿಟ್ಟು ನೋಡಿ. ಬೆರಳನ್ನು ಗಟ್ಟಿಯಾಗಿ ಹೀರಿ ಹಿಡಿದರೆ ಅದು ಮ್ಯಾನಿಫೋಲ್ಡಿನ ವ್ಯಾಕ್ಯೂಮ್. ಐಡ್ಲಿಂಗಿನಲ್ಲಿ ಸೆಳೆತವೇ ಇಲ್ಲದೆ, ಎಕ್ಸಿಲೇಟರ್ ಸ್ವಲ್ಪ ಕೊಟ್ಟ ಮೇಲೆ ಹೀರತೊಡಗಿದರೆ ಅದು ಥ್ರಾಟಲ್ ತಟ್ಟೆಯ ಮೇಲ್ಬದಿಯ ರಂಧ್ರ. ಡಿಸ್ಟ್ರಿಬ್ಯೂಟರಿನ ಅಡ್ವಾನ್ಸಿಗೆ (ಪ್ಲಗ್ಗಿನ ಕಿಡಿಯನ್ನು ತುಸು ಬೇಗ ಹಾರಿಸುವ ವ್ಯವಸ್ಥೆಗೆ) ಅದು ಸರಿ, ಸೆನ್ಸರಿಗೆ ಖಂಡಿತ ಬೇಡ. ಅಲ್ಲಿಗೆ ಜೋಡಿಸಿದರೆ ಐಡ್ಲಿಂಗಿನಲ್ಲೇ ಪೂರ್ಣ ಭಾರವಿದೆ ಎಂದು ತಿಳಿದು ಇಸಿಯು ಪೆಟ್ರೋಲ್ ಸುರಿಯುತ್ತದೆ.

ಬಿಡುವಾದ ನಳಿಕೆ ಇಲ್ಲದಿದ್ದರೆ ಹೊಸದಾಗಿ ರಂಧ್ರ ಕೊರೆದು ಥ್ರೆಡ್ ಹಾಕಿಸಬೇಕು. ಮ್ಯಾನಿಫೋಲ್ಡನ್ನು ಎಂಜಿನಿನಿಂದ ಬಿಚ್ಚಿ ಕೆಳಗಿಳಿಸಿಯೇ ಕೊರೆಯಿಸಿ. ಗ್ರೀಸ್ ಹಚ್ಚಿ ಕೊರೆದರೆ ಚೂರು ಒಳಗೆ ಬೀಳುವುದಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಫ್ಯುಯೆಲ್ ಪ್ರೆಶರ್ ರೆಗ್ಯುಲೇಟರಿಗೂ ವ್ಯಾಕ್ಯೂಮ್ ಪೈಪ್ ಇದ್ದರೆ ಅದಕ್ಕೆ ಬೇರೆಯದೇ ನಳಿಕೆ ಕೊಡಿ. ಅದೂ ಮ್ಯಾನಿಫೋಲ್ಡಿನಿಂದಲೇ ಬರಬೇಕು, ಏಕೆಂದರೆ ಇಂಜೆಕ್ಟರಿನ ಎರಡು ಬದಿಯ ಒತ್ತಡದ ಅಂತರವನ್ನು, ಸಾಮಾನ್ಯವಾಗಿ 3 ಬಾರ್, ಒಂದೇ ಸಮನೆ ಕಾಯುವುದು ಅದರ ಕೆಲಸ. ಆದರೆ ಅದರ ಡಯಾಫ್ರಾಮ್ ಹರಿದರೆ ಆ ಪೈಪಿನಲ್ಲಿ ಪೆಟ್ರೋಲ್ ಹರಿಯುತ್ತದೆ. ಸೆನ್ಸರಿನ ಪೈಪ್ ಅದಕ್ಕೇ ಸೇರಿದ್ದರೆ ಸೆನ್ಸರೂ ಹೋಯಿತು.

ಪೈಪ್ ಒಳಗಡೆ 4 ಮಿಲಿಮೀಟರ್ ಇರಲಿ, ದಪ್ಪ ಗೋಡೆಯದಾಗಿರಲಿ, ಸಾಧ್ಯವಾದಷ್ಟು ಗಿಡ್ಡವಾಗಿರಲಿ. ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಪೈಪು ಎಂಜಿನಿನ ಬಿಸಿಗೆ ಮೆತ್ತಗಾಗಿ ಚಪ್ಪಟೆಯಾಗುತ್ತದೆ. ಸೆನ್ಸರ್ ಯಾವಾಗಲೂ ನಳಿಕೆಗಿಂತ ಎತ್ತರದಲ್ಲಿರಲಿ, ಪೈಪ್ ಎಲ್ಲೂ ಜೋತು ಬೀಳದೆ ಮ್ಯಾನಿಫೋಲ್ಡಿನ ಕಡೆಗೆ ಇಳಿಜಾರಾಗಿ ಬರಲಿ. ನಮ್ಮ ಮಳೆಗಾಲದಲ್ಲಿ ಪೈಪಿನೊಳಗೆ ತೇವ ಕೂಡುತ್ತದೆ, ಪೆಟ್ರೋಲಿನ ಆವಿಯೂ ತಣಿದು ಹನಿಯಾಗುತ್ತದೆ. ಜೋತುಬಿದ್ದ ಜಾಗದಲ್ಲಿ ಆ ಹನಿ ನಿಂತರೆ ಸೆನ್ಸರಿಗೆ ಒತ್ತಡ ತಲುಪುವುದು ತಡವಾಗುತ್ತದೆ. ನೀವಿರುವುದು ಸಮುದ್ರದ ದಂಡೆಯಲ್ಲಿ, ಹಾಗಾಗಿ ಸೆನ್ಸರಿನ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆಯೇ ಎಂದೂ ನೋಡಿ.

ಘಟ್ಟದ ಎತ್ತರವೇ ತೊಂದರೆ ಎಂದು ನಿಮ್ಮ ಮೆಕ್ಯಾನಿಕ್ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಕುಮಟಾಕ್ಕೂ ಶಿರಸಿಗೂ ಇರುವ ಅಂತರ 7 ಕಿಲೋಪಾಸ್ಕಲ್ ಅಷ್ಟೇ. ಮ್ಯಾನಿಫೋಲ್ಡ್ ಒತ್ತಡವನ್ನು ಸರಿಯಾಗಿ ಓದುವ ಇಸಿಯು ಅದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ.

ಪೈಪ್ ಬದಲಾಯಿಸಿದ ಕೂಡಲೇ ಗಾಡಿ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಘಟ್ಟದಲ್ಲಿಯೂ ಸೆನ್ಸರ್ 40 ಎನ್ನುತ್ತಿದ್ದುದರಿಂದ ಮೆಕ್ಯಾನಿಕ್ ಪೆಟ್ರೋಲ್ ಹೆಚ್ಚಿಸಿದ್ದು ಕೋಷ್ಟಕದ ಕೆಳಗಿನ ಸಾಲುಗಳಲ್ಲಿ. ಸಮತಟ್ಟಿನ ಹೊಗೆ ಅಲ್ಲಿಂದಲೇ ಬಂದದ್ದು. 80ರಿಂದ 100ರ ಸಾಲುಗಳನ್ನು ನಿಮ್ಮ ಎಂಜಿನ್ ಇಲ್ಲಿಯವರೆಗೆ ಸರಿಯಾಗಿ ಮುಟ್ಟಿಯೇ ಇಲ್ಲ. ಆದ್ದರಿಂದ ಮೊದಲಿನ ಕೋಷ್ಟಕವನ್ನು ಮತ್ತೆ ಹಾಕಿ, ಮೇಲಿನ ಸಾಲುಗಳಲ್ಲಿ ಪೆಟ್ರೋಲ್ ತುಸು ಹೆಚ್ಚೇ ಇಟ್ಟು, ವೈಡ್‌ಬ್ಯಾಂಡ್ ಲ್ಯಾಂಬ್ಡಾ ಸೆನ್ಸರ್ (ಹೊಗೆಯನ್ನು ನೋಡಿ ಗಾಳಿ, ಪೆಟ್ರೋಲಿನ ಹದ ಹೇಳುವ ಸಾಧನ) ಜೋಡಿಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ಹಳೆಯ ಲೆಕ್ಕ ಹಿಡಿಯಬೇಡಿ, ಲ್ಯಾಂಬ್ಡಾ ಅಂಕಿಯನ್ನೇ ನೋಡಿ. 1 ಎಂದರೆ ಸಮ ಹದ, ಅದಕ್ಕಿಂತ ಕಡಿಮೆ ಎಂದರೆ ಪೆಟ್ರೋಲ್ ಹೆಚ್ಚು. ಪೂರ್ಣ ಎಕ್ಸಿಲೇಟರಿನಲ್ಲಿ 0.85ರ ಸುತ್ತಮುತ್ತ ಇರಲಿ. ಮೊದಲ ಸಲ ಘಟ್ಟ ಹತ್ತುವಾಗ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಲ್ಯಾಪ್‌ಟಾಪ್ ಅವರ ಕೈಗೆ ಕೊಡಿ. ನೀವು ರಸ್ತೆ ನೋಡಿ. ಅಂಕಿ 0.95 ದಾಟಿತು ಎಂದು ಅವರು ಹೇಳಿದ ಕ್ಷಣ ಕಾಲು ತೆಗೆಯಿರಿ, ಗಾಡಿಯನ್ನು ಬದಿಗೆ ನಿಲ್ಲಿಸಿ ಆ ಸಾಲನ್ನು ತಿದ್ದಿ, ಆಮೇಲೆ ಮುಂದಿನ ತಿರುವಿಗೆ ಹೊರಡಿ.