ಅಟ್ಟದ ಹೊಗೆಯೂ ಕೋಕೋ ಬೀಜದ ಪರಿಮಳವೂ

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ಸುಮಾರು 200 ಕೋಕೋ ಗಿಡಗಳಿವೆ. ಇಷ್ಟು ವರ್ಷ ಹಸಿ ಬೀಜವನ್ನೇ ಮಾರುತ್ತಿದ್ದೆವು. ಕಳೆದ ಜುಲೈಯಲ್ಲಿ ಸಣ್ಣ ಬುಟ್ಟಿಯೊಂದರಲ್ಲಿ ಹುದುಗಿಸಿ, ಬಿಸಿಲಿಲ್ಲದ್ದರಿಂದ ಅಡಿಕೆ ಒಣಗಿಸುವ ಅಟ್ಟದ ಮೇಲೆ ಹರವಿ, ಚಾಕೊಲೇಟ್ ತಯಾರಕರೊಬ್ಬರಿಗೆ ಮಾದರಿ ಕಳುಹಿಸಿದೆವು. ಹೊಗೆವಾಸನೆಯಿದೆ, ಒಳಗೆ ಬೂದುಬಣ್ಣವಿದೆ ಎಂದು ಹಿಂದಿರುಗಿಸಿದರು. ಮಲೆನಾಡಿನಲ್ಲಿ ಉತ್ತಮ ಪರಿಮಳದ ಕೋಕೋ ಆಗುವುದೇ ಇಲ್ಲವೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಖಂಡಿತ ಆಗುತ್ತದೆ. ಆದರೆ ಜುಲೈ ಬೆಳೆಯಿಂದ ಆರಂಭಿಸಿದ್ದು ಸರಿಯಾಗಲಿಲ್ಲ.

ಕೋಕೋ ಬೀಜದ ತಿರುಳಿನಲ್ಲಿ ಸುಮಾರು ಅರ್ಧದಷ್ಟು ಕೊಬ್ಬೇ ಇರುವುದರಿಂದ ಸುತ್ತಲಿನ ವಾಸನೆಯನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಒಮ್ಮೆ ಸೇರಿದ ಹೊಗೆ ಹುರಿದರೂ ಹೋಗುವುದಿಲ್ಲ. ಅಡಿಕೆಗೆ ಒಗ್ಗುವ ಅಟ್ಟ ಕೋಕೋಗೆ ಒಗ್ಗದು. ಒಣ ಬೀಜದ ಚೀಲವನ್ನು ಕಾಳುಮೆಣಸಿನ ಪಕ್ಕದಲ್ಲೂ ಇಡಬೇಡಿ.

ಬೂದುಬಣ್ಣದ ಕಾರಣ ಬೇರೆ: ಬೀಜ ಹುದುಗಿಯೇ ಇಲ್ಲ. ಮೊದಲೆರಡು ದಿನ ಯೀಸ್ಟ್ ಬೀಜದ ಮೇಲಿನ ಬಿಳಿ ಲೋಳೆಯ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಲೋಳೆ ಸೋರಿ ಗಾಳಿಯಾಡತೊಡಗಿದಾಗ ಬೇರೆ ಸೂಕ್ಷ್ಮಜೀವಿಗಳು ಅದನ್ನು ವಿನೆಗರ್ ಆಮ್ಲವಾಗಿ ಮಾರ್ಪಡಿಸುತ್ತವೆ, ರಾಶಿ 45ರಿಂದ 50 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗುತ್ತದೆ. ಆ ಬಿಸಿ ಮತ್ತು ಆಮ್ಲಗಳಿಂದ ಮೊಳಕೆ ಸತ್ತು, ಬೀಜದೊಳಗಿನ ಕೋಶಗಳು ಒಡೆದ ಮೇಲೆಯೇ ಮುಂದೆ ಹುರಿದಾಗ ಚಾಕೊಲೇಟಿನ ರುಚಿ ಕೊಡುವ ಅಂಶಗಳು ಹುಟ್ಟುವುದು. ಮಳೆಗಾಲದ ಥಂಡಿಯಲ್ಲಿ ಸಣ್ಣ ಬುಟ್ಟಿಗೆ ಆ ಬಿಸಿಯನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ.

ಆದ್ದರಿಂದ ಮಳೆಗಾಲದ ಬೀಜವನ್ನು ಹಿಂದಿನಂತೆ ಹಸಿಯಾಗಿಯೇ ಮಾರಿ, ಏಪ್ರಿಲ್–ಮೇ ತಿಂಗಳ ಬೆಳೆಯನ್ನು ಮಾತ್ರ ಹುದುಗಿಸಿ. ಪೂರ್ತಿ ಹಣ್ಣಾದ ಕಾಯಿಯನ್ನಷ್ಟೇ ಕೊಯ್ದು, ಕತ್ತಿ ಬಳಸದೆ ಮರದ ಕೊರಡಿನಿಂದ ಒಡೆಯಿರಿ. ಬೀಜಕ್ಕೆ ಕತ್ತಿ ತಾಗಿದರೆ ಬೂಸ್ಟಿಗೆ ದಾರಿಯಾಗುತ್ತದೆ. ನಡುವಿನ ದಿಂಡು, ಇಲಿ ಕಡಿದ ಕಾಯಿಯ ಬೀಜ, ಮೊಳೆತ ಬೀಜ ಸೇರಬಾರದು. ಬಾಳೆಲೆ ಹಾಸಿದ ಬಿದಿರಿನ ಬುಟ್ಟಿಯನ್ನು ಭರ್ತಿ ತುಂಬಿ, ರಸ ಸೋರುವಂತೆ ನೆಲದಿಂದ ಎತ್ತರಿಸಿಟ್ಟು, ಗೋಣಿ ಹೊದಿಸಿ. ಮೂರನೆಯ ದಿನ ಗೋಣಿ ಸರಿಸಿದರೆ ವಿನೆಗರ್ ಘಾಟು ಮೂಗಿಗೆ ಹೊಡೆಯಬೇಕು, ಒಳಗೆ ಕೈಯಿಟ್ಟರೆ ಚೆನ್ನಾಗಿ ಬಿಸಿ ತಾಗಬೇಕು. ಅಂದೂ ಐದನೆಯ ದಿನವೂ ಬೀಜವನ್ನು ಮೇಲೆ ಕೆಳಗೆ ಮಾಡಿ, ಆರು ದಿನವಾದ ಮೇಲೆ ಬಿಸಿಲಿಗೆ ಹರವಿ. ಅವಸರದಲ್ಲಿ ಒಣಗಿಸಿದರೆ ಹುಳಿ ಒಳಗೇ ಉಳಿಯುವುದರಿಂದ ಮೊದಲ ದಿನಗಳಲ್ಲಿ ಆಗಾಗ ಕೈಯಾಡಿಸುತ್ತಿರಿ. ತೇವಾಂಶ ಶೇ. 7ರಷ್ಟಕ್ಕೆ ಇಳಿದ ಬೀಜವನ್ನು ಮುಷ್ಟಿಯಲ್ಲಿ ಹಿಸುಕಿದರೆ ಗರಿಗರಿ ಸದ್ದು ಕೇಳುತ್ತದೆ.

ಮಾದರಿ ಕಳುಹಿಸುವ ಮುನ್ನ 50 ಬೀಜಗಳನ್ನು ಉದ್ದಕ್ಕೆ ಸೀಳಿ ನೋಡಿ. ಕಂದುಬಣ್ಣವಿದ್ದು ಒಳಗೆಲ್ಲ ಬಿರುಕು ಬಿಟ್ಟಿದ್ದರೆ ಸರಿಯಾಗಿ ಹುದುಗಿದೆ. ಪೂರ್ತಿ ನೇರಳೆಯಾದರೆ ಅರೆಬರೆ. ಸ್ಲೇಟಿನ ಬೂದುಬಣ್ಣವಾದರೆ ಹುದುಗಿಲ್ಲ.

ತಳಿಯ ಬಗ್ಗೆ ಒಂದು ಮಾತು. ಪರಿಮಳಕ್ಕೆ ಹೆಸರಾದವು ಕ್ರಿಯೊಲ್ಲೊ ಮತ್ತು ಟ್ರಿನಿಟಾರಿಯೊ. ನಮ್ಮ ತೋಟಗಳಲ್ಲಿರುವುದು ಬಹುಪಾಲು ಫೊರಾಸ್ಟೆರೊ. ಹಾಗೆಂದು ಫಲ ಕೊಡುತ್ತಿರುವ ಗಿಡಗಳನ್ನು ದಯವಿಟ್ಟು ಕಡಿಯಬೇಡಿ. ಚೆನ್ನಾಗಿ ಹುದುಗಿಸಿದ ಫೊರಾಸ್ಟೆರೊ, ಕೆಡಿಸಿದ ಕ್ರಿಯೊಲ್ಲೊಗಿಂತ ಎಷ್ಟೋ ಮೇಲು.

ಪ್ರಶ್ನೆ: ಕೋಕೋ ಬುಡದ ತರಗೆಲೆಯನ್ನು ಗುಡಿಸಿ ಸ್ವಚ್ಛವಾಗಿಡುತ್ತೇವೆ. ಹೂವು ಬೇಕಾದಷ್ಟಿದ್ದರೂ ಕಾಯಿ ಕಡಿಮೆ. ಏಕೆ?
– ಓದುಗರೊಬ್ಬರು, ಹೊಸನಗರ

ಉತ್ತರ: ಗುಡಿಸುವುದನ್ನು ನಿಲ್ಲಿಸಿ. ಕೋಕೋ ಹೂವಿಗೆ ಪರಾಗಸ್ಪರ್ಶ ಮಾಡುವುದು ಮುಖ್ಯವಾಗಿ ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಒಂದು ಬಗೆಯ ನೊಣ. ಅದು ಮರಿಮಾಡುವುದು ತೇವದ ತರಗೆಲೆಯಲ್ಲಿ, ಕೊಳೆಯುವ ಬಾಳೆದಿಂಡಿನಲ್ಲಿ, ಒಡೆದ ಕೋಕೋ ಸಿಪ್ಪೆಯಲ್ಲಿ. ಆದರೆ ಕೊಳೆರೋಗದಿಂದ ಕಪ್ಪಾದ ಕಾಯಿಗಳನ್ನು ಮಾತ್ರ ತೋಟದಲ್ಲಿ ಬಿಡದೆ ಆರಿಸಿ ಹೂಳಿ, ಮಳೆ ಹಿಡಿಯುವ ಮುನ್ನ ಅಡಿಕೆಗೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣವನ್ನೇ ಕೋಕೋ ಕಾಯಿಗಳಿಗೂ ಹೊಡೆಯಿರಿ.