ಹೊಗೆ ಗಾಡಿ ಬಂದು ಹೋಯಿತು, ಸೊಳ್ಳೆ ಉಳಿಯಿತು

ಸೊಳ್ಳೆ ನಿಯಂತ್ರಣ, ಔಷಧದ ಆಯ್ಕೆ, ಸ್ಥಳೀಯ ಸಂಸ್ಥೆಗಳ ಹೊಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಊರಿನಲ್ಲಿ ಪುರಸಭೆಯವರು ವಾರಕ್ಕೆರಡು ಸಲ ಬೀದಿಯುದ್ದಕ್ಕೂ ಹೊಗೆ ಹೊಡೆಸುತ್ತಾರೆ. ಆದರೂ ನಮ್ಮ ಬೀದಿಯಲ್ಲೇ ನಾಲ್ಕು ಮಂದಿಗೆ ಡೆಂಗಿ. ಔಷಧ ಕಲಬೆರಕೆ ಇರಬಹುದೇ?
— ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ಔಷಧ ಶುದ್ಧವಾಗಿದ್ದರೂ ಇದೇ ಆಗುತ್ತದೆ. ಮ್ಯಾಲಾಥಿಯಾನ್ ಹೊಗೆಗೆ ಒಂದು ಪಾಲು ಔಷಧಕ್ಕೆ 19 ಪಾಲು ಡೀಸೆಲ್ ಬೆರೆಸುತ್ತಾರೆ. ಹಾಗಾಗಿ ಕಣ್ಣಿಗೆ ಕಾಣುವ ಬಿಳಿ ಹೊಗೆಯಲ್ಲಿ ಬಹುಪಾಲು ಡೀಸೆಲ್ಲೇ. ಅದರ ಸಣ್ಣ ಹನಿ ಹಾರುತ್ತಿರುವ ಸೊಳ್ಳೆಗೆ ತಗುಲಿದರೆ ಮಾತ್ರ ಸೊಳ್ಳೆ ಸಾಯುತ್ತದೆ. ನೀರಿನಲ್ಲಿರುವ ಮರಿಗೂ, ಡ್ರಮ್ಮಿನ ಗೋಡೆಗೆ ಅಂಟಿದ ಮೊಟ್ಟೆಗೂ ಏನೂ ಆಗುವುದಿಲ್ಲ. ಮೊಟ್ಟೆ ಒಡೆದು ಹಾರುವ ಸೊಳ್ಳೆಯಾಗಲು ಬೇಕಾದದ್ದು 7ರಿಂದ 10 ದಿನ. ಇವತ್ತು ಸತ್ತವುಗಳ ಜಾಗಕ್ಕೆ ಮುಂದಿನ ವಾರ ಹೊಸವು ಬಂದಿರುತ್ತವೆ.

ಎರಡನೆಯದು, ಡೆಂಗಿ ಹರಡುವ ಈಡಿಸ್ ಚರಂಡಿಯ ಸೊಳ್ಳೆಯಲ್ಲ. ಅದು ಹುಟ್ಟುವುದು ಡ್ರಮ್, ಸಂಪು, ಹಳೇ ಟೈರು, ಫ್ರಿಜ್ಜಿನ ಹಿಂದಿನ ತಟ್ಟೆಯಂಥ ಕಡೆ ನಿಂತ ನೀರಿನಲ್ಲಿ. ಕೂರುವುದು ಮಂಚದ ಕೆಳಗೆ, ಪರದೆಯ ಹಿಂದೆ, ತೂಗುಹಾಕಿದ ಬಟ್ಟೆಯ ಮರೆಯಲ್ಲಿ. ಕಚ್ಚುವುದು ಹಗಲು. ಕತ್ತಲಾದ ಮೇಲೆ ಚರಂಡಿ ಪಕ್ಕ ಗಾಡಿ ಓಡಿಸಿದರೆ, ಮನೆಯವರು ಕಿಟಕಿ ಮುಚ್ಚಿಕೊಂಡರೆ, ಸಾಯುವುದು ರಾತ್ರಿ ಕಚ್ಚುವ ಕ್ಯೂಲೆಕ್ಸ್. ಅದೂ ಒಂದೆರಡು ದಿನದ ಮಟ್ಟಿಗೆ. ಮಟಮಟ ಮಧ್ಯಾಹ್ನ ಹೊಡೆದರೆ ಕಾದ ಗಾಳಿಯೊಂದಿಗೆ ಹೊಗೆ ಮೇಲಕ್ಕೇರಿ ಹೋಗುತ್ತದೆ. ಗಾಳಿ ಜೋರಾಗಿದ್ದರೂ ವ್ಯರ್ಥ.

ಹೊಗೆಗೂ ಒಂದು ಜಾಗವಿದೆ. ರೋಗ ಖಚಿತವಾದ ಮನೆ ಮತ್ತು ಸುತ್ತಲ ಮನೆಗಳ ಒಳಗೆ ಪೈರೆಥ್ರಮ್ ಸಿಂಪಡಣೆ ಮಾಡಿಸಿ. 2% ಸಾರಕ್ಕೆ 19 ಪಾಲು ಸೀಮೆಎಣ್ಣೆ ಬೆರೆಸಬೇಕು. ಅನ್ನ, ನೀರು ಮುಚ್ಚಿಡಿ. ಮೀನಿನ ತೊಟ್ಟಿ, ಹಸುಗೂಸು, ಉಬ್ಬಸದವರು ಹೊರಗಿರಲಿ. ಅದೇ ದಿನ ಆ ಬೀದಿಯ ಪ್ರತಿ ಮನೆಯ ನೀರಿನ ಪಾತ್ರೆಗಳ ಸಮೀಕ್ಷೆಯೂ ಆಗಬೇಕು. ಸಮೀಕ್ಷೆಯಿಲ್ಲದೆ ಬರೀ ಹೊಗೆ ಹೊಡೆದರೆ ಜನರ ಕೋಪ ತಣಿಯುತ್ತದೆ, ರೋಗ ತಣಿಯುವುದಿಲ್ಲ.

ಪ್ರಶ್ನೆ: ನಮ್ಮದು ರೇಷ್ಮೆ ಊರು. ಹಳ್ಳಿಗೆಲ್ಲ ಹೊಗೆ ಹೊಡೆಸಬೇಕೆಂದು ಪಂಚಾಯಿತಿಯಲ್ಲಿ ಮಾತು ನಡೆದಿದೆ. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದಿದೆ. ಬೇಡ ಎಂದರೆ ಡೆಂಗಿ ಹರಡಲು ನೀವೇ ಕಾರಣ ಎನ್ನುತ್ತಾರೆ.
— ಓದುಗರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದು. ಮ್ಯಾಲಾಥಿಯಾನ್ ಆಗಲಿ, ಪೈರೆಥ್ರಾಯ್ಡ್ ಗುಂಪಿನ ಔಷಧವಾಗಲಿ, ರೇಷ್ಮೆ ಹುಳುವಿಗೆ ವಿಷವೇ. ಹುಳು ತಲೆ ಒದರುತ್ತದೆ, ಹಸಿರು ರಸ ಕಾರುತ್ತದೆ, ಮೈ ಮುದುರಿ ಬೀಳುತ್ತದೆ. ಸೊಳ್ಳೆಬತ್ತಿ, ಪ್ಲಗ್ಗಿಗೆ ಹಾಕುವ ದ್ರಾವಣ ಕೂಡ ಹುಳು ಮನೆಯ ಹತ್ತಿರ ಸುಳಿಯಬಾರದು.

ಹುಳು ಮನೆಗಳು, ಹಿಪ್ಪುನೇರಳೆ ತೋಟಗಳ ಸರ್ವೆ ನಂಬರು ಬರೆದು ಪಿಡಿಓ ಅವರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ತಾಲ್ಲೂಕು ಆರೋಗ್ಯಾಧಿಕಾರಿ ಮತ್ತು ರೇಷ್ಮೆ ಇಲಾಖೆಗೆ ಪ್ರತಿ ಕಳಿಸಿ. ಬರೀ ‘ಬೇಡ’ ಎನ್ನಬೇಡಿ, ಬದಲಿಗೆ ಏನು ಬೇಕೆಂದು ಕೇಳಿ: ಮನೆ ಮನೆ ಲಾರ್ವಾ (ಸೊಳ್ಳೆ ಮರಿ) ಸಮೀಕ್ಷೆ, ವಾರಕ್ಕೊಂದು ಒಣದಿನ (ನೀರಿನ ಪಾತ್ರೆಗಳನ್ನೆಲ್ಲ ಖಾಲಿ ಮಾಡಿ ಒಣಗಿಸುವ ದಿನ), ಖಾಲಿ ಮಾಡಲಾಗದ ನೀರಿಗೆ ಬಿಟಿಐ.

ಇಲ್ಲಿ ಒಂದು ಎಚ್ಚರಿಕೆ. ಬಿಟಿಐ ಎಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್‌ನ ‘ಇಸ್ರೇಲೆನ್ಸಿಸ್’ ತಳಿ. ಅದು ಸೊಳ್ಳೆ ಮತ್ತು ಅದರ ಹತ್ತಿರದ ಸಂಬಂಧಿ ನೊಣಗಳ ಮರಿಗಳಿಗಷ್ಟೇ ಹಾನಿಕರ. ಅದೇ ಬ್ಯಾಕ್ಟೀರಿಯಾದ ‘ಕುರ್ಸ್ಟಾಕಿ’ ತಳಿ ಕಾಯಿಕೊರಕದಂಥ ಹುಳುಗಳಿಗೆಂದು ಕೃಷಿ ಅಂಗಡಿಯಲ್ಲಿ ಸಿಗುತ್ತದೆ, ಅದು ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ. ಎರಡನ್ನೂ ಜನ ‘ಬಿಟಿ ಪುಡಿ’ ಎಂದೇ ಕರೆಯುತ್ತಾರೆ. ತರಿಸುವಾಗ ಚೀಟಿ ಓದಿಯೇ ತರಿಸಲಿ.

ನಿಮ್ಮ ಕಡೆಯ ಕೆಲಸವೂ ಇದೆ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿನಡಿ ಇಡುವ ನೀರಿನ ಬಟ್ಟಲುಗಳಲ್ಲಿ ಈಡಿಸ್ ಮರಿ ಮಾಡುತ್ತದೆ. ವಾರಕ್ಕೊಮ್ಮೆ ಚೆಲ್ಲಿ, ಒಳಗೋಡೆ ಉಜ್ಜಿ ತೊಳೆಯಿರಿ. ಬರೀ ನೀರು ಬದಲಿಸಿದರೆ ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದೂ ಬದುಕಿರುತ್ತದೆ. ಅಕ್ಕಪಕ್ಕ ಹೊಗೆ ಬಿದ್ದಿರುವ ಅನುಮಾನವಿದ್ದರೆ ಆ ಸೊಪ್ಪನ್ನು ಮೊದಲು ಹತ್ತಿಪ್ಪತ್ತು ಹುಳುವಿಗೆ ಹಾಕಿ ನೋಡಿ.

ಪ್ರಶ್ನೆ: ಮನೆಯ ಡ್ರಮ್ಮಿಗೆ ಸೊಳ್ಳೆ ಮರಿ ಕೊಲ್ಲುವ ಟೆಮಿಫಾಸ್ ಔಷಧ ಸುರಿದು ಹೋದರು. ಆ ನೀರು ಬಳಸಬಹುದೇ?
— ಓದುಗರು, ರಾಯಚೂರು

ಉತ್ತರ: ಪ್ರಮಾಣ ಸರಿಯಿದ್ದರೆ ಬಳಸಬಹುದು. ಲೀಟರಿಗೆ 1 ಮಿಲಿಗ್ರಾಂ ಮಿತಿ. 1% ಹರಳಾದರೆ 200 ಲೀಟರಿನ ಡ್ರಮ್ಮಿಗೆ 20 ಗ್ರಾಂ. 50% ದ್ರಾವಣವಾದರೆ 1,000 ಲೀಟರಿನ ತೊಟ್ಟಿಗೆ ಕೇವಲ 2 ಮಿ.ಲೀ., ಡ್ರಮ್ಮಿಗೆ 0.4 ಮಿ.ಲೀ. ಇಷ್ಟು ಸಣ್ಣ ಅಳತೆಗೆ ಸಿರಿಂಜ್ ಬೇಕು. ಬಾಟಲಿ ಮುಚ್ಚಳದಲ್ಲಿ ಅಂದಾಜಿಗೆ ಸುರಿದರೆ ಹತ್ತಾರು ಪಟ್ಟು ಹೆಚ್ಚಾಗುತ್ತದೆ. ಹಾಗೆ ಸುರಿದದ್ದು ಕಂಡರೆ ಆ ನೀರು ಕುಡಿಯಬೇಡಿ. ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಬಲ್ಲ ಡ್ರಮ್ಮಿಗೆ ಔಷಧವೇ ಬೇಕಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ಯಾವ ಔಷಧ ತರಿಸುತ್ತಾರೆ, ಎಷ್ಟು ಬಳಸುತ್ತಾರೆ ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. ತಿಳಿಯುವುದು ಹೇಗೆ?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಮಾಹಿತಿ ಹಕ್ಕಿನಡಿ ಕೇಳಿ. ಶುಲ್ಕ ₹10. ಕರ್ನಾಟಕದಲ್ಲಿ ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಮೀರಿದರೆ ಅದೇ ನೆಪದಲ್ಲಿ ತಿರಸ್ಕರಿಸುತ್ತಾರೆ. ಈ ನಾಲ್ಕನ್ನು ಕೇಳಿದರೆ ಸಾಕು: ಕೀಟನಾಶಕದ ದಾಸ್ತಾನು ವಹಿ; ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕವಿರುವ ಖರೀದಿ ಬಿಲ್ಲು; ಫಾಗಿಂಗ್‌ನ ದಿನವಹಿ, ಡೀಸೆಲ್ ಲೆಕ್ಕದೊಂದಿಗೆ; ಅದೇ ವಾರಗಳ ಲಾರ್ವಾ ಸಮೀಕ್ಷೆಯ ನಮೂನೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ. ಕಾಯ್ದೆಯ ಕಲಂ 2(ಜೆ) ವಸ್ತುವಿನ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ಇದನ್ನು ಬಳಸುವವರು ಕಡಿಮೆ.

ಕಾಗದ ಕೈಗೆ ಬಂದ ಮೇಲೆ ಮೊದಲು ಡೀಸೆಲ್ ನೋಡಿ. ಮ್ಯಾಲಾಥಿಯಾನಿಗೆ 190 ಲೀಟರ್ ಡೀಸೆಲ್ ಖರ್ಚಾಗಿದ್ದರೆ 10 ಲೀಟರ್ ಔಷಧ ಇಳಿದಿರಬೇಕು. 2 ಲೀಟರ್ ಮಾತ್ರ ಇಳಿದಿದ್ದರೆ ಬೀದಿಗೆ ಹೋದದ್ದು 5% ಅಲ್ಲ, ಸುಮಾರು 1%. ಅಷ್ಟು ತೆಳು ಔಷಧದಲ್ಲಿ ಗಟ್ಟಿ ಸೊಳ್ಳೆಗಳು ಉಳಿದು ಸಂತತಿ ಬೆಳೆಸುತ್ತವೆ. (ಬೇರೆ ಔಷಧಗಳ ಅನುಪಾತ ಬೇರೆ, ಚೀಟಿ ನೋಡಿ ಲೆಕ್ಕ ಹಾಕಿ.)

ಆಮೇಲೆ ಔಷಧದ ಗುಂಪು. ಮರಿಗೆ ಟೆಮಿಫಾಸ್, ಹಾರುವ ಸೊಳ್ಳೆಗೆ ಮ್ಯಾಲಾಥಿಯಾನ್ ಎಂದರೆ ಎರಡೂ ಆರ್ಗನೊಫಾಸ್ಫೇಟ್. ಎರಡು ಹಂತಕ್ಕೂ ಒಂದೇ ಗುಂಪಿನ ಏಟು ಕೊಟ್ಟರೆ ಸೊಳ್ಳೆ ಬೇಗ ಒಗ್ಗಿಕೊಳ್ಳುತ್ತದೆ; ಒಂದು ಹಂತಕ್ಕಾದರೂ ಬೇರೆ ಗುಂಪಿನದು ಬೇಕು. ಒಗ್ಗಿದೆಯೇ ಎಂಬುದು ಪರೀಕ್ಷೆಯಿಂದಲೇ ತಿಳಿಯಬೇಕು: ನಿಗದಿತ ಪ್ರಮಾಣದ ಔಷಧ ತಾಗಿಸಿ 24 ಗಂಟೆಯ ನಂತರ ಎಣಿಸಿದಾಗ 98% ಅಥವಾ ಹೆಚ್ಚು ಸತ್ತಿದ್ದರೆ ಔಷಧ ಕೆಲಸ ಮಾಡುತ್ತಿದೆ, 90%ಕ್ಕಿಂತ ಕಡಿಮೆಯಾದರೆ ಬದಲಿಸಲೇಬೇಕು. ಈ ಪರೀಕ್ಷೆ ಯಾವಾಗ ನಡೆಯಿತು ಎಂದು ಜಿಲ್ಲಾ ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿಯವರನ್ನು ಲಿಖಿತವಾಗಿ ಕೇಳಿ.

ದಾಸ್ತಾನಿನಲ್ಲಿ ಡೈಕ್ಲೋರ್‌ವಾಸ್ ಕಂಡರೆ ಅಲ್ಲೇ ಆಕ್ಷೇಪಣೆ ಬರೆಯಿರಿ. ದೇಶದಲ್ಲಿ 2020ರ ಕೊನೆಗೆ ಅದರ ಬಳಕೆ ನಿಂತಿದೆ.

ಪ್ರಶ್ನೆ: ಊರ ಕೆರೆಗೆ ಸೊಳ್ಳೆ ಮರಿ ತಿನ್ನುವ ಗಂಬೂಸಿಯಾ ಮೀನು ಬಿಡಿಸಬಹುದೇ?
— ಓದುಗರು, ತುಮಕೂರು ಜಿಲ್ಲೆ

ಉತ್ತರ: ಕೆರೆಗೆ ಬೇಡ. ಅದು ಹೊರಗಿನ ಮೀನು. ನಮ್ಮ ಸಣ್ಣ ಮೀನುಗಳ ಮರಿ, ಕಪ್ಪೆಯ ಗೊದಮೊಟ್ಟೆ ತಿನ್ನುತ್ತದೆ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಬಾವಿಗಳಿಗೆ ಗಪ್ಪಿ, ಗಂಬೂಸಿಯಾ ಬಿಟ್ಟು ಮಲೇರಿಯಾ ತಗ್ಗಿಸಿದ್ದುಂಟು. ಅಂಥ ಮುಚ್ಚಿದ ನೆಲೆಗಳಿಗೆ, ಕೋಡಿ ಹರಿದು ಕೆರೆ ಸೇರದ ಕಡೆ, ಬಿಡಬಹುದು. ಬಿಟ್ಟ ಮೇಲೆ ಅದೇ ಬಾವಿಗೆ ಬ್ಲೀಚಿಂಗ್ ಪುಡಿ ಸುರಿದರೆ ಮೀನು ಸಾಯುತ್ತದೆ. ನೀರು ಸರಬರಾಜಿನವರಿಗೆ ಮೊದಲೇ ತಿಳಿಸಿ.

ಪ್ರಶ್ನೆ: ಪಕ್ಕದ ಅರೆಬರೆ ಕಟ್ಟಡದ ನೆಲಮಾಳಿಗೆಯಲ್ಲಿ ನೀರು ನಿಂತಿದೆ. ಯಾರಿಗೆ ದೂರು ಕೊಡಬೇಕು?
— ಓದುಗರು, ಮಂಗಳೂರು

ಉತ್ತರ: ನಿಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ. ಮರಿಗಳು ಕಾಣುವಂತೆ, ದಿನಾಂಕ ಬೀಳುವಂತೆ ಫೋಟೊ ತೆಗೆದು ಲಗತ್ತಿಸಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಅಧಿಸೂಚಿಸಿ ದಂಡ ನಿಗದಿ ಮಾಡಿದೆ: ನಗರದಲ್ಲಿ ಮನೆಗೆ ₹400, ಅಂಗಡಿ, ಕಚೇರಿಗಳಿಗೆ ₹1,000, ಕಾಮಗಾರಿಯ ಜಾಗ ಮತ್ತು ಖಾಲಿ ನಿವೇಶನಕ್ಕೆ ₹2,000, ಗ್ರಾಮೀಣ ಭಾಗದಲ್ಲಿ ಇದರ ಅರ್ಧ. ದೊಡ್ಡ ಕಟ್ಟಡದವರಿಗೆ ಈ ಮೊತ್ತ ಏನೂ ಅಲ್ಲ. ಆದ್ದರಿಂದ ದೂರಿನಲ್ಲಿ ದಂಡದ ಜೊತೆಗೆ ನೀರು ಪಂಪ್ ಮಾಡಿ ಹೊರಹಾಕಲು ಗಡುವು ನಮೂದಿಸಿ ನೋಟಿಸ್ ಕೊಡಬೇಕೆಂದೂ ಬರೆಯಿರಿ.